ಪಾದದ ‘ತೂತಿನ ಆಪರೇಷನ್’ ಆಗಿ 5 ವಾರ: ಈ ನೋವು ಸಹಜವೇ, ತೋಟಕ್ಕೆ ಹೋಗುವುದು ಯಾವಾಗ?

ಪ್ರಶ್ನೆ: ಡಾಕ್ಟ್ರೇ, ನನಗೆ 51 ವರ್ಷ. ಆಲ್ದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಎಡಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿ, ಬುಡದಲ್ಲಿ ಗಂಟು ಎದ್ದಿತ್ತು. ಎರಡನೇ, ಮೂರನೇ ಬೆರಳಿನ ಕೆಳಗೆ ಅಂಗಾಲಿನಲ್ಲಿ ಆಣಿ ಬೆಳೆದು ನಡೆಯಲು ಆಗುತ್ತಿರಲಿಲ್ಲ. 5 ವಾರದ ಹಿಂದೆ ಬೆಂಗಳೂರಿನಲ್ಲಿ ಸಣ್ಣ ತೂತು ಹಾಕಿ ಮಾಡುವ ಆಪರೇಷನ್ ಆಯಿತು. ಮರುದಿನವೇ ನಡೆಸಿದರು. 2 ವಾರದಲ್ಲಿ ಎಲ್ಲ ಸರಿಹೋಗುತ್ತದೆ ಅಂದಿದ್ದರು. ಆದರೆ ಈಗಲೂ ಸಂಜೆಯಾದರೆ ಪಾದ ಊದಿಕೊಳ್ಳುತ್ತದೆ. ಅಂಗಾಲಿನಡಿ ಕಲ್ಲು ಸಿಕ್ಕಿಕೊಂಡ ಹಾಗಿದೆ. ಹೆಬ್ಬೆರಳಿನ ಒಂದು ಪಕ್ಕ ಮರಗಟ್ಟಿದೆ. ಮೊನ್ನೆ ಚಿಕ್ಕಮಗಳೂರಿನಲ್ಲಿ ಎಕ್ಸ್‌ರೇ ತೆಗೆಸಿದರೆ ‘ಎಲುಬು ಇನ್ನೂ ಕೂಡಿಲ್ಲ’ ಅಂದರು. ಅವತ್ತಿನಿಂದ ಕಾಲು ಊರಲು ಭಯ. ಬಿಪಿಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತೇನೆ, ಸಕ್ಕರೆ ಕಾಯಿಲೆ ಇಲ್ಲ. ದೀಪಾವಳಿ ಹೊತ್ತಿಗೆ ಹಾಸನಾಂಬೆ ದರ್ಶನದ ಹರಕೆ ಇದೆ. ನವೆಂಬರ್ ಕೊನೆಗೆ ಕುಯ್ಲು ಶುರುವಾಗುತ್ತದೆ. ಮೊದಲಿನ ಹಾಗೆ ಯಾವಾಗ ಓಡಾಡಬಹುದು? ಸ್ಕೂಟರ್ ಓಡಿಸಬಹುದಾ? ಬಲಗಾಲಿಗೂ ಮಾಡಿಸಿಬಿಡಿ ಅಂತ ಮನೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಭಯದ ವಿಷಯ ಮುಗಿಸೋಣ. ನಡೆಯುವುದನ್ನು ನಿಲ್ಲಿಸಬೇಡಿ. 5 ವಾರಕ್ಕೆ ಎಕ್ಸ್‌ರೇಯಲ್ಲಿ ಎಲುಬು ಕೂಡಿದ ಹಾಗೆ ಕಾಣದಿರುವುದು ಈ ಆಪರೇಷನ್ನಿನಲ್ಲಿ ಮಾಮೂಲಿ. ನೀವು ಬರೆದ ಊತ, ಕಲ್ಲಿನ ಅನುಭವ, ಮರಗಟ್ಟುವಿಕೆ ಮೂರೂ ಈ ಹೊತ್ತಿಗೆ ಇರುವಂಥವೇ. ತಪ್ಪಿದ್ದು ನಿಮ್ಮ ಕಾಲಲ್ಲ, ‘2 ವಾರ’ ಎಂಬ ಲೆಕ್ಕ. 2 ವಾರಕ್ಕೆ ಆರುವುದು ಚರ್ಮ ಮಾತ್ರ.

ಚರ್ಮದ ಮೇಲೆ 3ರಿಂದ 5 ಮಿಲಿಮೀಟರ್ ತೂತು ಅಷ್ಟೇ. ಅದನ್ನು ನೋಡಿ ಎಲ್ಲರೂ ಸಣ್ಣ ಆಪರೇಷನ್ ಅಂದುಕೊಳ್ಳುತ್ತಾರೆ. ಒಳಗೆ ನಡೆದದ್ದು ಸಣ್ಣದಲ್ಲ. ಹಲ್ಲಿನ ಡಾಕ್ಟರ ಡ್ರಿಲ್ಲಿನಂಥ ತೆಳ್ಳಗಿನ ಬರ್ ಆ ತೂತಿನಲ್ಲಿ ಒಳಗೆ ಹೋಗುತ್ತದೆ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆ ನೋಡಿಕೊಂಡು ಅದರಲ್ಲಿ ಎಲುಬನ್ನು ಅಡ್ಡಕ್ಕೆ ಕತ್ತರಿಸುತ್ತಾರೆ. ಹೆಬ್ಬೆರಳಿನ ಹಿಂದಿನ ಎಲುಬನ್ನು ಕತ್ತರಿಸಿ, ಅದರ ತಲೆಯನ್ನು ಪಕ್ಕಕ್ಕೆ ಸರಿಸಿ, ಸ್ಕ್ರೂ ಹಾಕಿ ಹಿಡಿಸುತ್ತಾರೆ. ಎಷ್ಟೋ ಸಲ ಬೆರಳಿನ ಎಲುಬಿಗೂ ಒಂದು ಕತ್ತರಿ ಬೀಳುತ್ತದೆ. ನಿಮಗೆ ಎರಡನೇ, ಮೂರನೇ ಬೆರಳಿನ ಹಿಂದಿನ ಎಲುಬನ್ನೂ ಕತ್ತರಿಸಿರಬೇಕು, ಆಣಿ ಇದ್ದದ್ದು ಅಲ್ಲೇ ತಾನೆ. ಅಂದರೆ ಒಂದೇ ಪಾದದಲ್ಲಿ ಮೂರು ನಾಲ್ಕು ಮುರಿತ. ಡಾಕ್ಟರು ಬೇಕೆಂದೇ ಮಾಡಿದ ಮುರಿತಗಳು, ಆದರೆ ಎಲುಬಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ದೊಡ್ಡದಾಗಿ ಕೊಯ್ದು ಮಾಡಿದರೂ, ತೂತಿನಲ್ಲಿ ಮಾಡಿದರೂ ಅದು ಕೂಡಲು ಬೇಕಾದ ಕಾಲ ಅಷ್ಟೇ. ತೂತಿನ ವಿಧಾನದಲ್ಲಿ ಚರ್ಮ ಮತ್ತು ಕೀಲಿನ ಸುತ್ತಲಿನ ಮೆತ್ತನೆಯ ಭಾಗಕ್ಕೆ ಪೆಟ್ಟು ಕಡಿಮೆ. ಹಾಗಾಗಿ ಮೊದಲ ದಿನಗಳ ನೋವು ಕಡಿಮೆ, ಕಲೆ ಕಡಿಮೆ, ಬೆರಳು ಪೆಡಸಾಗುವುದೂ ಸ್ವಲ್ಪ ಕಡಿಮೆ. ಲಾಭ ಅಲ್ಲಿದೆ. ಕ್ಯಾಲೆಂಡರಿನಲ್ಲಿ ಹೆಚ್ಚೇನೂ ಉಳಿತಾಯ ಇಲ್ಲ.

ಇನ್ನು ನಿಮ್ಮ ಎಕ್ಸ್‌ರೇ. ಹೆಬ್ಬೆರಳಿನ ಎಲುಬಿಗೆ ಸ್ಕ್ರೂ ಇರುತ್ತದೆ. ಎರಡನೇ, ಮೂರನೇ ಬೆರಳಿನ ಎಲುಬಿಗೆ ಸಾಮಾನ್ಯವಾಗಿ ಏನೂ ಹಾಕುವುದಿಲ್ಲ. ಇದು ಮರೆತದ್ದಲ್ಲ, ಈ ವಿಧಾನವೇ ಹಾಗೆ. ಆಣಿ ಯಾಕೆ ಬಂದಿತ್ತು? ಆ ಎಲುಬುಗಳ ತಲೆ ಅಂಗಾಲಿನಡಿ ಹೆಚ್ಚಾಗಿ ಒತ್ತುತ್ತಿದ್ದದ್ದಕ್ಕೆ. ಕತ್ತರಿಸಿ ಸಡಿಲ ಬಿಟ್ಟರೆ, ನೀವು ಹೆಜ್ಜೆ ಊರಿದಾಗ ನೆಲ ಅದನ್ನು ಮೇಲಕ್ಕೆ ತಳ್ಳುತ್ತದೆ. ತನಗೆ ಸರಿಯಾದ ಎತ್ತರಕ್ಕೆ ಅದು ತಾನೇ ಹೋಗಿ ಕೂರುತ್ತದೆ, ಆಮೇಲೆ ಅಲ್ಲೇ ಕೂಡಿಕೊಳ್ಳುತ್ತದೆ. ಮರುದಿನವೇ ನಿಮ್ಮನ್ನು ನಡೆಸಿದ್ದು ಇದಕ್ಕೆ. ನಡಿಗೆ ಇಲ್ಲಿ ಚಿಕಿತ್ಸೆಯ ಭಾಗ. ಹೆದರಿ ಮಂಚ ಹಿಡಿದರೆ ಎಲುಬಿನ ತಲೆ ಬೇಡದ ಎತ್ತರದಲ್ಲಿ ಕೂಡಿಕೊಂಡುಬಿಡಬಹುದು.

ಸ್ಕ್ರೂ ಇಲ್ಲದ ಎಲುಬು ಸ್ವಲ್ಪ ಅಲುಗಾಡುತ್ತಲೇ ಕೂಡುತ್ತದೆ. ಸುತ್ತ ಹೊಸ ಎಲುಬಿನ ಗಡ್ಡೆ ಕಟ್ಟುತ್ತದೆ. ಮೊದಲು ಅದು ಮೆತ್ತಗಿರುವುದರಿಂದ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. 6 ವಾರದಲ್ಲಿ ಮಬ್ಬುಮಬ್ಬಾಗಿ ಕಂಡರೆ ಖುಷಿಪಡಬೇಕು. ಚೆನ್ನಾಗಿ ಕಾಣಲು 3 ತಿಂಗಳು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಕಾಲು ಗಟ್ಟಿಯಾಗುವುದು ಮೊದಲು, ಎಕ್ಸ್‌ರೇಯಲ್ಲಿ ಕಾಣುವುದು ಆಮೇಲೆ. ಫಿಲ್ಮ್ ನೋಡಿ ‘ಕೂಡಿಲ್ಲ’ ಅಂದವರು ಸುಳ್ಳು ಹೇಳಿಲ್ಲ. ಮುಂದಿನ ಒಂದು ವಾಕ್ಯ ಹೇಳಿಲ್ಲ ಅಷ್ಟೇ. ಮುಂದಿನ ಎಕ್ಸ್‌ರೇಯನ್ನು ಅದೇ ಚಿಕ್ಕಮಗಳೂರಿನಲ್ಲಿ ತೆಗೆಸಿ, ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಆದರೆ ನಿಂತುಕೊಂಡು, ಪಾದದ ಮೇಲೆ ಭಾರ ಹಾಕಿ ತೆಗೆಯಲು ಕೇಳಿ. ಮಲಗಿಸಿ ತೆಗೆದ ಫಿಲ್ಮಿನಲ್ಲಿ ಬೆರಳು ಎಷ್ಟು ನೆಟ್ಟಗಾಗಿದೆ ಅನ್ನುವುದು ಸರಿಯಾಗಿ ಗೊತ್ತಾಗುವುದಿಲ್ಲ. ಆಪರೇಷನ್ ಮಾಡಿದವರಿಗೆ ಅದನ್ನು ಫೋನಿನಲ್ಲಿ ಕಳಿಸಿದರೂ ನಡೆಯುತ್ತದೆ.

ಅಂಗಾಲಿನ ಕಲ್ಲು ಅಂದಿರಲ್ಲ, ಅದು ಊತ ಮತ್ತು ಹೊಸ ಎಲುಬಿನ ಗಡ್ಡೆ ಎರಡೂ ಸೇರಿ ಆಗುವುದು. ಊತ ಇಳಿದಂತೆ ಕಲ್ಲೂ ಸಣ್ಣದಾಗುತ್ತದೆ. ಎರಡು ಮೂರು ತಿಂಗಳು ಅದು ಇದ್ದರೆ ತಲೆಕೆಡಿಸಿಕೊಳ್ಳಬೇಡಿ. 4 ತಿಂಗಳು ದಾಟಿದ ಮೇಲೂ ಒಂದೇ ಬೆರಳಿನ ಕೆಳಗೆ, ಬೆರಳಿಟ್ಟು ತೋರಿಸುವ ಹಾಗೆ ನೋವಿದ್ದರೆ, ಅಥವಾ ಹೊಸ ಜಾಗದಲ್ಲಿ ಆಣಿ ಬರುತ್ತಿದ್ದರೆ, ಆಗ ಪರೀಕ್ಷೆ ಮಾಡಬೇಕು. ಒಂದು ಎಲುಬಿನ ಭಾರ ಪಕ್ಕದ ಎಲುಬಿಗೆ ದಾಟಿರಬಹುದು. ಎಷ್ಟೋ ಸಲ ಅದಕ್ಕೂ ಚಪ್ಪಲಿಯೊಳಗೆ ಒಂದು ಮೆತ್ತನೆಯ ಅಟ್ಟೆ ಸಾಕಾಗುತ್ತದೆ.

ಸಂಜೆಯ ಊತದ ಬಗ್ಗೆ ಬಹಳ ಜನ ಕೇಳುತ್ತಾರೆ. ಪಾದ ದೇಹದ ಅತಿ ಕೆಳಗಿನ ಜಾಗ. ದಿನವಿಡೀ ಇಳಿದ ನೀರು ಮೇಲೆ ಹೋಗುವುದು ಕಷ್ಟ. ಮೀನಖಂಡ ಹಿಂಡಿದಾಗಲೇ ಅದು ಮೇಲೇರಬೇಕು. ಕುಂಟಿಕೊಂಡು ನಡೆಯುವಾಗ ಮೀನಖಂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಈ ಊತ 6 ತಿಂಗಳವರೆಗೂ ಸ್ವಲ್ಪ ಸ್ವಲ್ಪ ಇರುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಮಧ್ಯಾಹ್ನ ಊಟ ಆದಮೇಲೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಲಗಿ, ಪಾದವನ್ನು ಎದೆಗಿಂತ ಮೇಲಕ್ಕೆ ಇಡಿ. ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲಿನ ಮೇಲೆ ಕಾಲು ಇಟ್ಟರೆ ಅದು ಮೇಲಕ್ಕೆ ಇಟ್ಟಂತಲ್ಲ. ಹಾಗೆ ಮಲಗಿರುವಾಗಲೇ ಹರಡನ್ನು, ಅಂದರೆ ಪಾದ ಕಾಲಿಗೆ ಸೇರುವ ಕೀಲನ್ನು, ಹಿಂದೆ ಮುಂದೆ ಆಡಿಸಿ. ಐಸ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಸಾಕು, ಮರಗಟ್ಟಿದ ಜಾಗದ ಮೇಲೆ ನೇರವಾಗಿ ಬೇಡ. ಬಿಸಿನೀರಿನ ಶಾಖವಂತೂ ಆ ಬೆರಳಿಗೆ ಬೇಡವೇ ಬೇಡ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

ಆ ಮರಗಟ್ಟುವಿಕೆಗೆ ಕಾರಣ ಹೆಬ್ಬೆರಳಿನ ಪಕ್ಕದಲ್ಲಿ ಚರ್ಮದಡಿ ಹೋಗುವ ಸಣ್ಣ ನರ. ತೂತು ಹಾಕುವ ಜಾಗಕ್ಕೆ ತೀರಾ ಹತ್ತಿರ ಅದು. ಎಳೆದಾಡಿದರೂ ಸಾಕು, ತಿಂಗಳುಗಟ್ಟಲೆ ಮುನಿಸಿಕೊಳ್ಳುತ್ತದೆ. ನಿಧಾನಕ್ಕೆ ಸರಿಹೋಗುವುದೇ ಹೆಚ್ಚು. ನಡುವೆ ಇರುವೆ ಹರಿದಂತೆ, ಚುರುಕ್ ಅಂದಂತೆ ಆದರೆ ಅದು ನರ ಚೇತರಿಸಿಕೊಳ್ಳುತ್ತಿರುವ ಲಕ್ಷಣ.

ನೋವಿನ ಮಾತ್ರೆ. 5 ವಾರಕ್ಕೆ ದಿನಾ ಮಾತ್ರೆ ಬೇಕಾಗಬಾರದು. ಹೆಚ್ಚು ಓಡಾಡಿದ ದಿನ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಮಾತ್ರೆ ಒಂದೋ ಎರಡೋ, ಒಂದು ಹೊತ್ತಿಗೆ ಒಂದರಂತೆ, ತೆಗೆದುಕೊಂಡರೆ ತಪ್ಪಿಲ್ಲ. ನಿಮಗೆ ನಾನು ಖಡಾಖಂಡಿತವಾಗಿ ಹೇಳುವುದು, ಮೆಡಿಕಲ್ ಸ್ಟೋರಿನಲ್ಲಿ ‘ಕಾಲು ನೋವಿಗೆ ಏನಾದರೂ ಕೊಡಿ’ ಅಂತ ಕೇಳಬೇಡಿ. ಕೊಡುವುದು ಹೆಚ್ಚಾಗಿ ಡೈಕ್ಲೋಫೆನಾಕ್ ಅಥವಾ ಎಸಿಕ್ಲೋಫೆನಾಕ್. ಇವು ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟಾನ್ ಜೊತೆ ಸೇರಿದರೆ ಕಿಡ್ನಿಗೂ ಭಾರ, ಅದರಲ್ಲೂ ನೀರು ಕಡಿಮೆ ಕುಡಿಯುವವರಿಗೆ. ಹೊಟ್ಟೆ ಹುಣ್ಣಿನ ಕಥೆ ಬೇರೆ. ನಿಮ್ಮ ಡಾಕ್ಟರು ಗೊತ್ತಿದ್ದು ಕೆಲವು ದಿನಕ್ಕೆ ಬರೆದುಕೊಟ್ಟರೆ ಅದು ಬೇರೆ ಮಾತು.

ಮಾತ್ರೆ ವಿಷಯ ಬಂದಿದ್ದಕ್ಕೆ ಇದೂ ಹೇಳಿಬಿಡುತ್ತೇನೆ. ವಿಟಮಿನ್ ಡಿ ಕಡಿಮೆ ಇದ್ದರೆ ಎಲುಬು ಕೂಡುವುದು ನಿಧಾನವಾಗಬಹುದು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. 60,000 ಯೂನಿಟ್ಟಿನ ಪುಡಿ ಪ್ಯಾಕೆಟ್ ಕೊಟ್ಟರೆ ಅದು ವಾರಕ್ಕೊಂದು. ದಿನಕ್ಕೊಂದು ತಿಂದು ವಾಂತಿ, ಸುಸ್ತು ಅಂತ ಬಂದವರಿದ್ದಾರೆ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಆ ಹೊಗೆ ನಿಮ್ಮ ಹತ್ತಿರ ಸುಳಿಯದಿರಲಿ.

ಇನ್ನೂ ಆಪರೇಷನ್ ಆಗದವರು ಇದನ್ನು ಓದುತ್ತಿದ್ದರೆ ಅವರಿಗೆ ಎರಡು ಮಾತು. ಅತಿ ಹೆಚ್ಚು ನೋವಿರುವುದು ಮೊದಲ ಎರಡು ಮೂರು ದಿನ. ಹರಡಿನ ಸುತ್ತ ಕೊಟ್ಟ ಇಂಜೆಕ್ಷನ್ನಿನಿಂದ ಪಾದ ಹಲವು ಗಂಟೆ ಮರಗಟ್ಟಿರುತ್ತದೆ. ನೋವೇ ಇಲ್ಲವಲ್ಲ ಅಂತ ಮಾತ್ರೆ ಬಿಟ್ಟವರು ಮಧ್ಯರಾತ್ರಿ ಅಳುತ್ತಾ ಎದ್ದು ಕೂರುತ್ತಾರೆ. ಮರಗಟ್ಟಿದ್ದು ಬಿಡುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕು. ಇನ್ನೊಂದು, ಬೆಂಗಳೂರಿನಿಂದ ಕಾರಿನಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿ ಕಾಲು ಮೇಲಕ್ಕೆ ಇಟ್ಟು ಬನ್ನಿ. ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಹರಡು ಆಡಿಸಿ. ಮೊದಲ 2 ವಾರ ನಡಿಗೆ ಅಂದರೆ ಬಚ್ಚಲಿಗೆ, ಊಟದ ಮೇಜಿಗೆ. ನಡೆಯಲು ಬಿಟ್ಟಿದ್ದಾರೆ ಅಂತ ನೆಂಟರ ಮನೆ ಸುತ್ತಿದವರಿಗೆ ಊತ ಜಾಸ್ತಿಯಾಗಿ ಗಾಯ ಒಸರುತ್ತದೆ.

ಈಗ ನಿಮ್ಮ ನಡಿಗೆ ಎಷ್ಟಿರಬೇಕು? ಇದಕ್ಕೆ ಮೀಟರು, ನಿಮಿಷದ ಲೆಕ್ಕಕ್ಕಿಂತ ಮರುದಿನ ಬೆಳಗ್ಗೆಯ ಕಾಲೇ ಒಳ್ಳೆಯ ಅಳತೆ. ನಡೆಯುವಾಗ ಸ್ವಲ್ಪ ನೋವಿರಲಿ, ಹತ್ತರಲ್ಲಿ ಮೂರು ನಾಲ್ಕರಷ್ಟು. ಸಂಜೆ ಊದಲಿ. ರಾತ್ರಿ ಮಲಗಿ ಎದ್ದಾಗ ಊತ ಬಹುಪಾಲು ಇಳಿದು, ಮೊದಲ ಹೆಜ್ಜೆ ನಿನ್ನೆಯ ಬೆಳಗ್ಗೆಯಷ್ಟೇ ಇದ್ದರೆ ನಿನ್ನೆ ನಡೆದದ್ದು ಸರಿಯಾಗಿತ್ತು. ಇವತ್ತು ಅಷ್ಟೇ, ಎರಡು ದಿನ ಬಿಟ್ಟು ಸ್ವಲ್ಪ ಹೆಚ್ಚು. ಬೆಳಗ್ಗೆಯೂ ಊತ ಹಾಗೇ ಇದ್ದು ನೋವು ನಿನ್ನೆಗಿಂತ ಹೆಚ್ಚಿದ್ದರೆ ನಿನ್ನೆ ಅತಿಯಾಯಿತು. ಇವತ್ತು ಅರ್ಧಕ್ಕೆ ಇಳಿಸಿ. ನಿಲ್ಲಿಸಬೇಡಿ, ಇಳಿಸಿ. ಒಂದೇ ಸಲ ಅರ್ಧ ಗಂಟೆಗಿಂತ ಹತ್ತು ಹತ್ತು ನಿಮಿಷ ಮೂರು ಸಲ ಒಳ್ಳೆಯದು.

ಹೇಗೆ ನಡೆಯುತ್ತೀರಿ ಅನ್ನುವುದು ಎಷ್ಟು ನಡೆದಿರಿ ಅನ್ನುವುದಕ್ಕಿಂತ ಮುಖ್ಯ. ಹೆಬ್ಬೆರಳು ನೋಯುತ್ತದೆ ಅಂತ ಎಲ್ಲರೂ ಪಾದದ ಹೊರ ಅಂಚಿನ ಮೇಲೆ ಹೆಜ್ಜೆ ಹಾಕುತ್ತಾರೆ. ನೀವೂ ಹಾಕುತ್ತಿರುತ್ತೀರಿ, ನೋಡಿಕೊಳ್ಳಿ. ಹಾಗೆ ಮಾಡಿದರೆ ಕಿರುಬೆರಳ ಕಡೆ ಹೊಸ ನೋವು, ಮಂಡಿ ನೋವು, ಸೊಂಟ ನೋವು ಸಾಲಾಗಿ ಬರುತ್ತವೆ. ಅತ್ತ ಹೆಬ್ಬೆರಳಿನ ಕೀಲು ಕೆಲಸವಿಲ್ಲದೆ ಪೆಡಸಾಗುತ್ತದೆ. ಹಿಮ್ಮಡಿ ಊರಿ, ಆಮೇಲೆ ಇಡೀ ಪಾದ ಚಪ್ಪಟೆಯಾಗಿ ಊರಿ. ಹೆಜ್ಜೆ ಚಿಕ್ಕದಿರಲಿ. ಮುಂಗಾಲಿನಿಂದ ನೂಕಿ ಮುಂದೆ ಹೋಗುವುದು ಈಗ ಬೇಡ.

ಆಸ್ಪತ್ರೆಯಲ್ಲಿ ಕೊಟ್ಟ ಗಟ್ಟಿ ಅಟ್ಟೆಯ ಚಪ್ಪಲಿ ಬಾಗುವುದಿಲ್ಲ. ಅದಕ್ಕೇ ಅದನ್ನು ಕೊಡುವುದು. ಪಾದದ ಮುಂಭಾಗ ಬಾಗದಂತೆ ಅದು ಹಿಡಿಯುತ್ತದೆ. ಸಾಮಾನ್ಯವಾಗಿ 6 ವಾರ ಅದು ಕಾಲಲ್ಲಿರಬೇಕು, ಮನೆಯೊಳಗೂ. ನಮ್ಮಲ್ಲಿ ಎಡವುವುದು ಇಲ್ಲೇ. ಹೊರಗೆ ಹೋಗುವಾಗ ಮಾತ್ರ ಅದನ್ನು ಹಾಕಿ, ಒಳಗೆ ಬರಿಗಾಲಲ್ಲಿ ಓಡಾಡುತ್ತಾರೆ. ಚಪ್ಪಲಿ ಒಳಗೆ ತರಬಾರದು ಅನ್ನುವ ಮನೆಯಾದರೆ ಅಟ್ಟೆ ಒರೆಸಿ ಅದೊಂದನ್ನು ಒಳಗಿನದು ಮಾಡಿಕೊಳ್ಳಿ. ದೇವರಮನೆಯ ಹೊಸ್ತಿಲಲ್ಲಿ ಬಿಟ್ಟರೆ ಸಾಕು. ಇನ್ನೊಂದು ಸಂಗತಿ, ಆ ಚಪ್ಪಲಿ ದಪ್ಪ. ಇನ್ನೊಂದು ಕಾಲು ಬರಿದಾಗಿದ್ದರೆ ಒಂದು ಕಡೆ ಎತ್ತರವಾಗಿ ಸೊಂಟ ಹಿಡಿಯುತ್ತದೆ. ಬಲಗಾಲಿಗೂ ಅಷ್ಟೇ ಎತ್ತರದ ಚಪ್ಪಲಿ ಹಾಕಿ. ಕೋಲು ಹಿಡಿಯುವುದಾದರೆ ಬಲಗೈಯಲ್ಲಿ. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು.

6 ವಾರ ಆದಮೇಲೆ, ಡಾಕ್ಟರು ಒಪ್ಪಿದರೆ, ಮುಂಭಾಗ ಅಗಲವಿರುವ ಸ್ಪೋರ್ಟ್ಸ್ ಶೂ. ಮಾಮೂಲಿಗಿಂತ ಒಂದು ಸೈಜು ದೊಡ್ಡದು ತೆಗೆದುಕೊಳ್ಳಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಊದಿದ ಕಾಲಿಗೆ ಹಿಡಿಸಬೇಕಲ್ವಾ. ಚಪ್ಪಲಿಯಿಂದ ಶೂಗೆ ಬದಲಾದ ವಾರ ನೋವು ಮತ್ತೆ ಹೆಚ್ಚಾಗುತ್ತದೆ. ಎಷ್ಟೋ ವಾರದಿಂದ ಬಾಗದಿದ್ದ ಪಾದ ಬಾಗಲು ಶುರುಮಾಡಿದೆ, ಅಷ್ಟೇ. ಹಿಂದಕ್ಕೆ ಹೋದೆ ಅಂತ ಹೆದರಬೇಡಿ.

ಹೆಬ್ಬೆರಳಿಗೆ ವ್ಯಾಯಾಮ ಇನ್ನೂ ಹೇಳಿಕೊಟ್ಟಿಲ್ಲವಾದರೆ ಆಪರೇಷನ್ ಮಾಡಿದವರನ್ನು ಕೇಳಿ ಶುರುಮಾಡಿ. ಸರಿಯಾಗಿ ನಡೆಯಬೇಕಾದರೆ ಆ ಕೀಲು 40ರಿಂದ 60 ಡಿಗ್ರಿ ಮೇಲಕ್ಕೆ ಬಾಗಬೇಕು. ಒಂದು ಕೈಯಲ್ಲಿ ಗಂಟಿದ್ದ ಜಾಗದ ಹಿಂದೆ ಪಾದವನ್ನು ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಬೆರಳನ್ನು ಬುಡದ ಹತ್ತಿರ ಹಿಡಿದು ಮೇಲಕ್ಕೆ, ಕೆಳಕ್ಕೆ ನಿಧಾನವಾಗಿ ಬಾಗಿಸಿ. ತುದಿ ಹಿಡಿದು ಎಳೆದರೆ ಉಗುರಿನ ಹತ್ತಿರದ ಕೀಲು ಬಾಗುತ್ತದೆ, ಬೇಕಾದ ಕೀಲು ಹಾಗೇ ಇರುತ್ತದೆ. ಹತ್ತು ಸಲದಂತೆ ದಿನಕ್ಕೆ ಮೂರು ನಾಲ್ಕು ಹೊತ್ತು. ಬೆರಳು ಎಳೆಸಲು ನಾಟಿ ವೈದ್ಯರ ಹತ್ತಿರ ಹೋಗಬೇಡಿ. ಬಲವಾಗಿ ಎಣ್ಣೆ ತಿಕ್ಕಿಸುವುದೂ ಬೇಡ. ಆರಿದ ತೂತಿನ ಕಲೆಯ ಮೇಲೆ ಬೆರಳ ತುದಿಯಿಂದ ಹಗುರವಾಗಿ ಕೊಬ್ಬರಿ ಎಣ್ಣೆ ಸವರಿದರೆ ಒಳ್ಳೆಯದೇ.

ಕುಕ್ಕರಗಾಲಿನಲ್ಲಿ ಕೂರುವುದು 3 ತಿಂಗಳವರೆಗೆ ಬೇಡ. ಹಿಮ್ಮಡಿ ಎತ್ತಿ ಕೂತಾಗ ಇಡೀ ಮೈಯ ಭಾರ ಬಾಗಿದ ಬೆರಳುಗಳ ಮೇಲೆ ಬೀಳುತ್ತದೆ. ನೆಲದಿಂದ ಏಳುವಾಗಲೂ ಅಷ್ಟೇ. ಮನೆಯಲ್ಲಿ ಹಳೆಯ ಮಾದರಿಯ ಕಕ್ಕಸು ಮಾತ್ರ ಇದ್ದರೆ ಮೇಲೆ ಇಡುವ ಕುರ್ಚಿ ಸಿಗುತ್ತದೆ, ತಂದುಕೊಳ್ಳಿ.

ಇಷ್ಟೆಲ್ಲ ಸಹಜ ಅಂದೆ. ಸಹಜವಲ್ಲದ್ದು ಯಾವುದು ಅನ್ನುವುದೂ ಗೊತ್ತಿರಲಿ. ಮೀನಖಂಡ ಬಿಗಿದು ಊದಿ, ಮುಟ್ಟಿದರೆ ನೋಯುವುದು, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ್ದರ ಗುರುತು. ಆ ದಿನವೇ, ಆ ಗಂಟೆಯೇ ಆಸ್ಪತ್ರೆಗೆ ಹೋಗಿ. ಜ್ವರ, ಕೆಂಪು, ಕೀವು ಕಂಡರೂ ಕಾಯಬೇಡಿ. ಬೆರಳು ತಣ್ಣಗಾಗಿ ನೀಲಿ ಅಥವಾ ಕಪ್ಪಾದರೆ ತಕ್ಷಣ ಹೋಗಿ. ಟಕ್ ಅಂದ ಹಾಗಾಗಿ ನೋವು ಒಮ್ಮೆಲೇ ಏರಿದರೆ, ನೆಟ್ಟಗಿದ್ದ ಬೆರಳು ಮತ್ತೆ ವಾಲಿದರೆ ಸ್ಕ್ರೂ ಜಾಗ ಬಿಟ್ಟಿರಬಹುದು. ಇನ್ನೊಂದನ್ನು ಬಹಳ ಜನ ತಡವಾಗಿ ತೋರಿಸುತ್ತಾರೆ. ಗಾಯ ಚೆನ್ನಾಗಿ ಆರಿದೆ, ಆದರೂ ಇಡೀ ಪಾದ ಉರಿಯುತ್ತದೆ. ಹೊದಿಕೆ ತಾಕಿದರೂ ತಡೆಯಲಾಗುವುದಿಲ್ಲ. ಚರ್ಮದ ಬಣ್ಣ ಬದಲಾಗುತ್ತದೆ, ಒಂದು ಹೊತ್ತು ಬಿಸಿ, ಒಂದು ಹೊತ್ತು ತಣ್ಣಗೆ, ಬೆವರು. ಇದು ನರಗಳು ನೋವಿನ ಗಂಟೆಯನ್ನು ನಿಲ್ಲಿಸದೆ ಬಾರಿಸುವ ಸ್ಥಿತಿ. ಬೇಗ ಹಿಡಿದರೆ ಚಿಕಿತ್ಸೆ ಸುಲಭ. ನೀವು ಬರೆದಿರುವುದರಲ್ಲಿ ಇದರ ಗುರುತು ಇಲ್ಲ.

ಹಾಸನಾಂಬೆ ದರ್ಶನ. ಅಮ್ಮನ ಬಾಗಿಲು ವರ್ಷಕ್ಕೊಮ್ಮೆ, ಕೆಲವೇ ದಿನ ತೆಗೆಯುವುದು. ಹಾಸನದವನಾಗಿ ಆ ಸಾಲು ಎಂಥದ್ದು ಅಂತ ನನಗೆ ಗೊತ್ತು. ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ಬರಿಗಾಲಲ್ಲಿ ನಿಲ್ಲಬೇಕು, ನೂಕುನುಗ್ಗಲು ಬೇರೆ. ಯಾರಾದರೂ ಪಾದ ತುಳಿದರೆ ಮುಗಿಯಿತು. ನಿಂತಲ್ಲೇ ನಿಲ್ಲುವುದು ನಡೆಯುವುದಕ್ಕಿಂತ ಕೆಟ್ಟದ್ದು, ಮೀನಖಂಡ ಕೆಲಸವೇ ಮಾಡುವುದಿಲ್ಲ. ಈ ವರ್ಷ ನಿಮ್ಮ ಪರವಾಗಿ ಮನೆಯವರು ಹೋಗಿ ಬರಲಿ. ಹೋಗಲೇಬೇಕು ಅಂದರೆ ವಿಶೇಷ ದರ್ಶನದ ಟಿಕೆಟ್ ತೆಗೆದುಕೊಂಡು, ಜನ ಕಡಿಮೆ ಇರುವ ಹೊತ್ತು ವಿಚಾರಿಸಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಶ್ರವಣಬೆಳಗೊಳದ ಬೆಟ್ಟ ಹತ್ತುವ ಯೋಚನೆ ಯಾರಿಗಾದರೂ ಇದ್ದರೆ, ಬರಿಗಾಲಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು, ಅದು 6 ತಿಂಗಳ ಆಚೆಯ ಮಾತು.

ಕುಯ್ಲಿಗೆ ದಾರಿ ಇದೆ. ನವೆಂಬರ್ ಕೊನೆಗೆ ನಿಮಗೆ 11–12 ವಾರ ಆಗುತ್ತದೆ. ತೋಟದವರಿಗೆ ಒಂದು ಅನುಕೂಲ ಇದೆ, ಕಣ. ಸಿಮೆಂಟಿನ ಕಣಕ್ಕಿಂತ ಒಳ್ಳೆಯ ನಡಿಗೆಯ ಜಾಗ ಸಿಕ್ಕುವುದಿಲ್ಲ. ಕಾಫಿ ಹರವುವ ಮೊದಲು ಅದು ಖಾಲಿ ಇರುತ್ತದೆ, ಮಟ್ಟಸವಾಗಿರುತ್ತದೆ. ಪಾಚಿ ಉಜ್ಜಿಸಿ, ಒಣಗಿದಾಗ ಅಲ್ಲೇ ಸುತ್ತು ಹಾಕಿ. 8 ವಾರ ಆದಮೇಲೆ ಜೀಪ್ ಹೋಗುವ ತೋಟದ ರಸ್ತೆ, ಅದೂ ಮಟ್ಟಸ ಇರುವಷ್ಟು ದೂರ. ಗಿಡದ ನಡುವಿನ ಇಳಿಜಾರು 3 ತಿಂಗಳು ಆಗಿ, ಎಕ್ಸ್‌ರೇ ನೋಡಿದ ಮೇಲೆ. ಹತ್ತುವಾಗ ಪಾದದ ಮುಂಭಾಗ ಬಾಗುತ್ತದೆ, ಇಳಿಯುವಾಗ ಬೆರಳುಗಳು ಶೂ ಮುಂದಕ್ಕೆ ಹೋಗಿ ಗುದ್ದುತ್ತವೆ. ಇಳಿಯುವುದೇ ಹೆಚ್ಚು ತೊಂದರೆ. ಗಮ್ ಬೂಟು ಇಂಬಳಕ್ಕೆ ಒಳ್ಳೆಯದು, ಈ ಪಾದಕ್ಕಲ್ಲ. ಒಳಗೆ ಕಾಲು ಜಾರುತ್ತದೆ, ಅಟ್ಟೆ ಬಳುಕುತ್ತದೆ. ಈ ಸಲ ಕುಯ್ಲಿನ ಮೇಲ್ವಿಚಾರಣೆ ಬೇರೆಯವರು ನೋಡಲಿ. ಸಂಜೆ ಹಣ್ಣು ತೂಕ ಹಾಕುವಲ್ಲಿ ಕುರ್ಚಿ ಹಾಕಿಕೊಂಡು ಲೆಕ್ಕ ನೀವು ಬರೆಯಿರಿ.

ಸ್ಕೂಟರಿಗೆ ಗೇರು ಇಲ್ಲದಿದ್ದರೂ ನಿಲ್ಲಿಸುವಾಗ ಊರುವುದು ಹೆಚ್ಚಾಗಿ ಎಡಗಾಲನ್ನೇ. ನಮ್ಮ ರಸ್ತೆಯ ಗುಂಡಿಯಲ್ಲಿ ವಾಲಿದರೆ ಇಡೀ ಗಾಡಿಯ ಭಾರ ಅದರ ಮೇಲೆ ಬೀಳುತ್ತದೆ. 8 ವಾರದವರೆಗೆ ಬೇಡ. ಕಾರಿನ ಕ್ಲಚ್ಚಿಗೂ ಎಡಗಾಲೇ ಬೇಕು. ಮಾಮೂಲಿ ಶೂ ಹಾಕಿ, ಗಾಡಿ ನಿಂತಿರುವಾಗಲೇ ಕ್ಲಚ್ ಜೋರಾಗಿ ಒತ್ತಿ ನೋಡಿ. ಮುಖ ಕಿವಿಚದೆ ಒತ್ತಲು ಆದರೆ ಆಗ ರಸ್ತೆಗೆ ಇಳಿಯಿರಿ.

ಕೊನೆಗೆ ಬಲಗಾಲು. ಅದು ನೋಯುತ್ತದೆಯಾ ಅಂತ ನೀವು ಬರೆದಿಲ್ಲ. ಗಂಟು ಕಾಣುತ್ತದೆ ಅನ್ನುವುದೊಂದೇ ಕಾರಣವಾದರೆ ಆಪರೇಷನ್ ಬೇಡ. ಅಗಲದ ಚಪ್ಪಲಿ ಹಾಕಿ ನಡೆಯಲು ತೊಂದರೆ ಇಲ್ಲದ ಕಾಲನ್ನು ಮುಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ. ಚೆನ್ನಾಗಿ ಕಾಣಲಿ ಅಂತ ಮಾಡಿಸಿಕೊಂಡವರೇ ಆಮೇಲೆ ಹೆಚ್ಚು ಬೇಸರಪಡುವುದು. ನೋವಿದ್ದರೂ ಎಡಗಾಲು ಪೂರ್ತಿ ಭಾರ ಹೊರುವವರೆಗೆ, ಅಂದರೆ ಕಡಿಮೆ ಅಂದರೂ 6 ತಿಂಗಳು, ಆ ಮಾತೇ ಬೇಡ. ಆಗಲೂ ನಿರ್ಧಾರ ಆಗದಿದ್ದರೆ ಯಾರಾದರೂ ಮೂಳೆ ಡಾಕ್ಟರಿಗೆ ತೋರಿಸಿ. ಹೋಗುವಾಗ ನಿಂತು ತೆಗೆಸಿದ ಎಕ್ಸ್‌ರೇ ಜೊತೆಗೆ ನೀವು ದಿನಾ ಹಾಕುವ ಹಳೆಯ ಚಪ್ಪಲಿ ಜೋಡಿಯನ್ನೂ ತೆಗೆದುಕೊಂಡು ಹೋಗಿ. ಅಟ್ಟೆ ಎಲ್ಲಿ ಸವೆದಿದೆ ಅಂತ ನೋಡಿದರೆ ಭಾರ ಎಲ್ಲಿ ಬೀಳುತ್ತಿದೆ ಅನ್ನುವುದು ಅವರಿಗೆ ತಿಳಿಯುತ್ತದೆ.